ಅಧ್ಯಾಪಕರ ಪದೋನ್ನತಿ ಪರಿಶೀಲನೆ: ಬೆಳಗಾವಿ ಮತ್ತು ಖಾನಾಪುರ

ವಿಶ್ವವಿದ್ಯಾಲಯ ಹಾಗೂ ಕಾಲೇಜು ಅಧ್ಯಾಪಕರ ಸೇವಾವಧಿ, ಬೋಧನೆ, ಸಂಶೋಧನೆಗಳನ್ನು ಗೊತ್ತಾದ ವರ್ಷಗಳಿಗೊಮ್ಮೆ ಪರಿಶೀಲಿಸಿ ಮೇಲಿನ ವೇತನ ಶ್ರೇಣಿಗೋ ಪದನಾಮಕ್ಕೋ ಏರಿಸುವ ಕ್ರಮ. ಭಾರತದಲ್ಲಿ ಇದಕ್ಕೆ ಆಧಾರ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ರೂಪಿಸಿದ ವೃತ್ತಿ ಪದೋನ್ನತಿ ಯೋಜನೆ. ಸ್ಟಾಫ್ ರೂಮಿನ ಮಾತಿನಲ್ಲಿ ಇದು ಸಿಎಎಸ್. ಹಳಬರಿಗೆ ಇನ್ನೂ ಪ್ಲೇಸ್‌ಮೆಂಟ್. ಹೆಸರಿಗೆ ಇದು ಮೌಲ್ಯಮಾಪನವಾದರೂ ಬಹುಪಾಲು ನಡೆಯುವುದು ದಾಖಲೆ ತಪಾಸಣೆ. ಆ ತಪಾಸಣೆಯೊಳಗೆ ವಿದ್ವತ್ತಿನ ವಿವೇಚನೆಗೆ ಜಾಗ ಮಾಡಿಕೊಡಲು 1986ರಿಂದೀಚೆಗೆ ನಡೆದ ಪ್ರತಿಯೊಂದು ತಿದ್ದುಪಡಿಯೂ ಇನ್ನೊಂದು ನಮೂನೆ, ಇನ್ನೊಂದು ಪ್ರಮಾಣಪತ್ರವಾಗಿ ಮುಗಿದಿದೆ.

ನೆಲೆ

ರವಿವಾರ ಪೇಟೆಯ ಸಗಟು ಮಾರುಕಟ್ಟೆಯನ್ನು ನಡುವಿಗಿಟ್ಟುಕೊಂಡು ನೋಡಿದರೆ ಬೆಳಗಾವಿಯ ಉನ್ನತ ಶಿಕ್ಷಣದ ನಕ್ಷೆ ಸುಲಭವಾಗಿ ಸಿಗುತ್ತದೆ. ಪೇಟೆಯಿಂದ ಹೆಚ್ಚು ದೂರವಿಲ್ಲದ ಕಾಲೇಜು ರಸ್ತೆಯಲ್ಲಿ 1933ರಲ್ಲಿ ಶುರುವಾದ ಲಿಂಗರಾಜ ಕಾಲೇಜು ಇದೆ. ಅದನ್ನು ನಡೆಸುವ ಕೆಎಲ್ಇ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಏಳು ಮಂದಿ ಶಿಕ್ಷಕರು, ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಅವರಲ್ಲಿದ್ದರು. ತೆಂಕಣ ಟಿಳಕವಾಡಿಯಲ್ಲಿ ದಕ್ಷಿಣ ಕೊಂಕಣ ಶಿಕ್ಷಣ ಸಂಸ್ಥೆಯ ರಾಣಿ ಪಾರ್ವತಿದೇವಿ ಕಾಲೇಜು (ಊರವರ ಬಾಯಲ್ಲಿ ಆರ್‌ಪಿಡಿ), ಕರ್ನಾಟಕ ಕಾನೂನು ಸಂಸ್ಥೆ 1939ರಲ್ಲಿ ತೆರೆದ ರಾಜಾ ಲಖಮಗೌಡ ಕಾನೂನು ಕಾಲೇಜು ಇವೆ. ನಗರದ ಬಡಗಣಕ್ಕೆ, ರಾಷ್ಟ್ರೀಯ ಹೆದ್ದಾರಿಯ ಬದಿಯ ಭೂತರಾಮನಹಟ್ಟಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ; ಖಾನಾಪುರದ ದಿಕ್ಕಿಗೆ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು). ಅಲ್ಲಿಂದ ಮುಂದೆ ಲೋಂಡಾ ರೈಲುಹಾದಿಯ ಖಾನಾಪುರ, ಕಾಡಂಚಿನ ತಾಲ್ಲೂಕು ಕೇಂದ್ರ.

ಹತ್ತಾರು ಕಿಲೋಮೀಟರ್ ಒಳಗೆ ವಿಶ್ವವಿದ್ಯಾಲಯದ ವಿಭಾಗ, ಸರ್ಕಾರಿ ಕಾಲೇಜು, ಅನುದಾನಿತ ಕಾಲೇಜು, ಅನುದಾನರಹಿತ ಕಾಲೇಜು, ಪರಿಗಣಿತ ವಿಶ್ವವಿದ್ಯಾಲಯ ಎಲ್ಲವೂ ಸಿಗುವ ಊರಿದು. ಹೀಗಾಗಿ ಒಂದೇ ಪದನಾಮದ ಇಬ್ಬರು ಪ್ರಾಧ್ಯಾಪಕರು ಆ ಹೆಸರಿಗೆ ಬಂದ ದಾರಿ ಪೂರ್ತಿ ಬೇರೆಯಾಗಿರಬಹುದು. ಹಳೆಯ ಕಾಲೇಜುಗಳ ಮಟ್ಟಿಗೆ ಇನ್ನೊಂದು ತೊಡಕು ಸೇರಿಕೊಂಡಿದೆ: ಲಿಂಗರಾಜ ಕಾಲೇಜು ಮೊದಲು ಮುಂಬಯಿ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು, ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 2010ರ ನಂತರ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿತು. 2010ರ ಆಸುಪಾಸಿನಲ್ಲಿ ಸೇವೆಯಲ್ಲಿದ್ದ ಅಧ್ಯಾಪಕರ ಕಡತದಲ್ಲಿ ನೇಮಕದ ಅನುಮೋದನೆ ಒಂದು ವಿಶ್ವವಿದ್ಯಾಲಯದ್ದು, ಪದೋನ್ನತಿ ಸಮಿತಿ ಇನ್ನೊಂದರದ್ದು.

ಹುದ್ದೆ ಖಾಲಿಯಾದರೆ ಮಾತ್ರ ಬಡ್ತಿ

ಸ್ವಾತಂತ್ರ್ಯದ ನಂತರದ ಮೊದಲ ದಶಕಗಳಲ್ಲಿ ವಿಭಾಗಕ್ಕೊಬ್ಬರೇ ಪ್ರಾಧ್ಯಾಪಕರು, ಅವರ ಕೆಳಗೆ ಒಂದಿಬ್ಬರು ರೀಡರ್, ಉಳಿದವರೆಲ್ಲ ಲೆಕ್ಚರರ್. ಮೇಲಿನವರು ನಿವೃತ್ತರಾಗಬೇಕು, ಜಾಹೀರಾತು ಹೊರಡಬೇಕು, ಹೊರಗಿನವರ ಜೊತೆ ಸ್ಪರ್ಧಿಸಿ ಗೆಲ್ಲಬೇಕು. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ (1948–49) ಬಡ್ತಿಗೆ ಅರ್ಹತೆಯೊಂದೇ ಆಧಾರವಾಗಬೇಕು ಎಂದಿತ್ತು. ಆದರೆ ಹುದ್ದೆಯೇ ಇಲ್ಲದ ಕಡೆ ಅರ್ಹತೆಯನ್ನು ಕಟ್ಟಿಕೊಂಡು ಮಾಡುವುದೇನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಈ ಭಾಗದ ಕಾಲೇಜುಗಳು ಆಗ ಧಾರವಾಡದತ್ತ ನೋಡುತ್ತಿದ್ದವು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಅದರ ಕುಲಪತಿಯಾಗಿದ್ದ ಡಿ.ಸಿ. ಪಾವಟೆ ಗೋಕಾಕ ತಾಲ್ಲೂಕಿನ ಮಮದಾಪುರದವರು, ಕೇಂಬ್ರಿಜ್‌ನ ರ‍್ಯಾಂಗ್ಲರ್. ಅದು ಹೊಸ ವಿಭಾಗಗಳು ತೆರೆಯುತ್ತಿದ್ದ ಕಾಲವಾದ್ದರಿಂದ ಮೇಲೇರುವ ಅವಕಾಶಗಳಿದ್ದವು. ವಿಸ್ತರಣೆ ನಿಂತ ಕೂಡಲೇ ಒಂದೇ ಹುದ್ದೆಯಲ್ಲಿ ಸೇರಿ ಅದೇ ಹುದ್ದೆಯಲ್ಲಿ ನಿವೃತ್ತರಾಗುವವರ ಸಾಲು ಬೆಳೆಯಿತು. ಕಾಲೇಜುಗಳಲ್ಲಂತೂ ಲೆಕ್ಚರರ್ ಹುದ್ದೆಯ ಮೇಲೆ ಕಾಣುತ್ತಿದ್ದುದು ಪ್ರಾಂಶುಪಾಲರ ಕುರ್ಚಿಯೊಂದೇ.

ಯೋಜನೆಯ ಹುಟ್ಟು

ರಸಾಯನ ವಿಜ್ಞಾನಿ ಆರ್.ಸಿ. ಮೆಹ್ರೋತ್ರಾ ನೇತೃತ್ವದ ಸಮಿತಿ 1986ರಲ್ಲಿ ಕೊಟ್ಟ ವರದಿ ಈ ಗಂಟನ್ನು ಬಿಡಿಸಿತು. 1986ರ ಜನವರಿ 1ರಿಂದ ಜಾರಿಗೆ ಬಂದಂತೆ 1987ರಲ್ಲಿ ಪ್ರಕಟವಾದ ಯೋಜನೆಯ ತಿರುಳು ಇಷ್ಟೇ: ಬಡ್ತಿ ಹುದ್ದೆಗಲ್ಲ, ವ್ಯಕ್ತಿಗೆ. ಎಂಟು ವರ್ಷದ ಸೇವೆಗೆ ಸೀನಿಯರ್ ಸ್ಕೇಲ್, ಅಲ್ಲಿ ಮತ್ತೆಂಟು ವರ್ಷಕ್ಕೆ ಸೆಲೆಕ್ಷನ್ ಗ್ರೇಡ್. ಯಾರೂ ನಿವೃತ್ತರಾಗಬೇಕಿಲ್ಲ, ಯಾರ ಜೊತೆಯೂ ಸ್ಪರ್ಧಿಸಬೇಕಿಲ್ಲ. ಈ ಒಂದು ತೀರ್ಮಾನದಿಂದ ಸಮಿತಿಯ ಕೆಲಸದ ಸ್ವರೂಪವೇ ಬದಲಾಯಿತು. ‘ಇವರಲ್ಲಿ ಯಾರು ಉತ್ತಮರು’ ಎಂದು ಕೇಳುತ್ತಿದ್ದ ಸಮಿತಿ ಇನ್ನು ‘ಇವರು ಷರತ್ತು ಪೂರೈಸಿದ್ದಾರೆಯೇ’ ಎಂದು ಕೇಳತೊಡಗಿತು.

1996ರ ವೇತನ ಪರಿಷ್ಕರಣೆ ಅವಧಿಗಳನ್ನು ಕುಗ್ಗಿಸಿತು. ಸೀನಿಯರ್ ಸ್ಕೇಲಿಗೆ ಆರು ವರ್ಷ, ಎಂ.ಫಿಲ್. ಇದ್ದರೆ ಐದು, ಪಿಎಚ್.ಡಿ. ಇದ್ದರೆ ನಾಲ್ಕು, ಅಲ್ಲಿಂದ ಐದು ವರ್ಷಕ್ಕೆ ರೀಡರ್ ಅಥವಾ ಸೆಲೆಕ್ಷನ್ ಗ್ರೇಡ್. ಪಿಎಚ್.ಡಿ. ಇದ್ದವರು ರೀಡರ್, ಇಲ್ಲದವರು ಸೆಲೆಕ್ಷನ್ ಗ್ರೇಡ್ ಲೆಕ್ಚರರ್. ಇಬ್ಬರ ವೇತನ ಶ್ರೇಣಿಯೂ 12,000ದಿಂದ 18,300 ರೂಪಾಯಿ. ಸಂಬಳ ಒಂದೇ ಇದ್ದು ಬಾಗಿಲ ಮೇಲಿನ ಫಲಕ ಮಾತ್ರ ಬೇರೆಯಾಗಿದ್ದ ಈ ವ್ಯವಸ್ಥೆ ಕಾಲೇಜುಗಳಲ್ಲಿ ಎಷ್ಟೋ ಮಂದಿಯನ್ನು ಐವತ್ತರ ಹತ್ತಿರ ಪಿಎಚ್.ಡಿ.ಗೆ ನೋಂದಾಯಿಸುವಂತೆ ಮಾಡಿತು.

ಓರಿಯೆಂಟೇಶನ್ ಮತ್ತು ರಿಫ್ರೆಶರ್ ಕೋರ್ಸುಗಳು ಕಡ್ಡಾಯವಾದದ್ದೂ 1986ರ ಯೋಜನೆಯ ಜೊತೆಗೇ. ಅವುಗಳನ್ನು ನಡೆಸಲು ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜು ತೆರೆದರು. ಬೆಳಗಾವಿಯವರಿಗೆ ಹತ್ತಿರದ್ದು ಧಾರವಾಡದ್ದು. ಆ ಕೇಂದ್ರಗಳು ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆನಿಸಿದವು, 2023ರ ಸೆಪ್ಟೆಂಬರಿನಿಂದ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳು. ಹೆಸರು ಎಷ್ಟು ಸಲ ಬದಲಾದರೂ ಅಧ್ಯಾಪಕರು ‘ಓಸಿ ಆಯ್ತಾ, ಆರ್‌ಸಿ ಆಯ್ತಾ’ ಎಂದೇ ಕೇಳಿಕೊಳ್ಳುತ್ತಾರೆ. ಬೇರೆ ಬೇರೆ ಊರಿನ ಒಂದೇ ವಿಷಯದ ಅಧ್ಯಾಪಕರು ಮೂರು ವಾರ ಒಟ್ಟಿಗೆ ಇರುವ ಅಪರೂಪದ ಅವಕಾಶವಾಗಿದ್ದ ಈ ಕೋರ್ಸುಗಳು ಕೋವಿಡ್ ನಂತರ ಬಹುಮಟ್ಟಿಗೆ ಆನ್‌ಲೈನಿಗೆ ಸರಿದವು. ಪ್ರಮಾಣಪತ್ರ ಮೊದಲಿನಷ್ಟೇ ಬೆಲೆಯದು, ಒಡನಾಟ ಹೋಯಿತು.

ಅಂಕಗಳ ಕಾಲ

ಬಡ್ತಿ ತೀರ ಸಲೀಸಾಯಿತು ಎಂಬ ದೂರಿಗೆ ಉತ್ತರವಾಗಿ ಬಂದದ್ದು 2010ರ ಯುಜಿಸಿ ನಿಯಮಾವಳಿ. ಲೆಕ್ಚರರ್ ಎಂಬ ಹೆಸರು ಹೋಗಿ ಸಹಾಯಕ ಪ್ರಾಧ್ಯಾಪಕ, ರೀಡರ್ ಹೋಗಿ ಸಹ ಪ್ರಾಧ್ಯಾಪಕ ಬಂದವು. ಜೊತೆಗೆ ಬಂತು ಎಪಿಐ, ಅಂದರೆ ಶೈಕ್ಷಣಿಕ ಸಾಧನೆಯ ಸೂಚ್ಯಂಕ. ಬೋಧನೆಗೆ ವರ್ಷಕ್ಕೆ ಕನಿಷ್ಠ 75, ಸಹಪಠ್ಯ ಮತ್ತು ಆಡಳಿತಕ್ಕೆ 15, ಎರಡೂ ಸೇರಿ 100. ಸಂಶೋಧನೆಗೆ ಬೇರೆ ಲೆಕ್ಕ: ಮೆಟ್ಟಿಲು ಏರಿದಂತೆ ವಿಶ್ವವಿದ್ಯಾಲಯದವರಿಗೆ ವರ್ಷಕ್ಕೆ 10, 20, 30, 40, ಕಾಲೇಜಿನವರಿಗೆ ಅದರ ಅರ್ಧ. ಅಧ್ಯಾಪಕರು ಪ್ರತಿ ವರ್ಷ ತಮ್ಮ ಅಂಕವನ್ನು ತಾವೇ ಹಾಕಿಕೊಂಡು ಪುರಾವೆ ಲಗತ್ತಿಸಬೇಕಿತ್ತು. ಪ್ರತಿ ದಿನದ ಆವಕ ಜಾವಕ ಬರೆದಿಡುವ ರವಿವಾರ ಪೇಟೆಯ ಸಗಟು ಅಂಗಡಿಯ ಖಾತೆಪುಸ್ತಕದಂತೆ ಮೇಷ್ಟರ ಕಪಾಟಿನಲ್ಲೂ ಫೈಲುಗಳು ಬೆಳೆದವು. ಒಂದು ಉಪನ್ಯಾಸ ಕೊಟ್ಟರೆ ಆಹ್ವಾನಪತ್ರ, ಹಾಜರಾತಿ ಪತ್ರ, ಪ್ರಮಾಣಪತ್ರ, ಫೋಟೊ ನಾಲ್ಕೂ ಬೇಕು.

ಇದರ ಪರಿಣಾಮ ಎಲ್ಲರಿಗೂ ಗೊತ್ತಿರುವಂಥದ್ದೇ. ವಿಚಾರ ಸಂಕಿರಣಗಳು ಹೆಚ್ಚಿದವು. ಐಎಸ್‌ಬಿಎನ್ ಸಂಖ್ಯೆ ಹೊತ್ತ ಸಂಕಿರಣ ಸಂಪುಟಗಳು ಇನ್ನೂ ಹೆಚ್ಚಿದವು. ಹಣ ಕೊಟ್ಟವರ ಲೇಖನವನ್ನು ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. 2013ರ ತಿದ್ದುಪಡಿ ಸಂಶೋಧನೆಯ ಅಂಕಗಳಿಗೆ ಮಿತಿ ಹಾಕಿತು: ಲೇಖನಗಳಿಂದ ಶೇ. 30, ಪುಸ್ತಕಗಳಿಂದ ಶೇ. 25, ಯೋಜನೆಗಳಿಂದ ಶೇ. 20, ಮಾರ್ಗದರ್ಶನದಿಂದ ಶೇ. 10, ಸಂಕಿರಣ ಮತ್ತು ತರಬೇತಿಯಿಂದ ಶೇ. 15. ಒಂದೇ ಕಡೆಯಿಂದ ಅಂಕ ದೋಚುವುದನ್ನು ತಡೆಯುವುದು ಇದರ ಉದ್ದೇಶ. ಹತ್ತು ವರ್ಷ ಒಂದೇ ಗ್ರಂಥದಲ್ಲಿ ಮುಳುಗಿದ್ದವರಿಗೂ ಇದೇ ಪೆಟ್ಟು ಬಿತ್ತು ಎಂಬುದನ್ನು ನಿಯಮ ಮಾಡಿದವರು ಎಣಿಸಿದಂತೆ ಕಾಣುವುದಿಲ್ಲ.

2018ರ ನಿಯಮಾವಳಿ

2018ರ ಜುಲೈ 18ರ ನಿಯಮಾವಳಿ ಎಪಿಐಯನ್ನು ಕೈಬಿಟ್ಟು ಏಳನೆಯ ವೇತನ ಆಯೋಗದ ಅಕಾಡೆಮಿಕ್ ಲೆವೆಲ್‌ಗಳನ್ನು ತಂದಿತು. ಕರ್ನಾಟಕ ಸರ್ಕಾರ ಪರಿಷ್ಕೃತ ಯುಜಿಸಿ ವೇತನವನ್ನು 2019ರ ಆದೇಶದಲ್ಲಿ ಒಪ್ಪಿತು. ಸಹಾಯಕ ಪ್ರಾಧ್ಯಾಪಕರ ಪ್ರವೇಶ ವೇತನ ಲೆವೆಲ್ 10ರಲ್ಲಿ 57,700 ರೂಪಾಯಿ, 11ರಲ್ಲಿ 68,900, 12ರಲ್ಲಿ 79,800. ಸಹ ಪ್ರಾಧ್ಯಾಪಕರ 13ಎ ಲೆವೆಲ್‌ನಲ್ಲಿ 1,31,400. ಪ್ರಾಧ್ಯಾಪಕರ 14ರಲ್ಲಿ 1,44,200. ಅಂಕಿಗಳನ್ನು ಸಾಲಾಗಿ ಓದಿದರೆ ನಿಜವಾದ ಹೊಸ್ತಿಲು ಎಲ್ಲಿದೆ ಎಂದು ಗೊತ್ತಾಗುತ್ತದೆ. 12ರಿಂದ 13ಎಗೆ ದಾಟುವುದೇ ಜೀವಮಾನದ ಬಡ್ತಿ. ಪಿಂಚಣಿಯ ಲೆಕ್ಕದಲ್ಲೂ ಅದೇ ದೊಡ್ಡದು. ತಕರಾರು, ಕಾಯುವಿಕೆ, ಕೋರ್ಟು ಕಚೇರಿ ಸುತ್ತಾಟ ಹೆಚ್ಚಾಗಿ ಕಾಣುವುದೂ ಈ ಮೆಟ್ಟಿಲಿನಲ್ಲೇ.

ಪಿಎಚ್.ಡಿ. ಇರುವವರು 10ರಿಂದ 11ಕ್ಕೆ ನಾಲ್ಕು ವರ್ಷ, ಎಂ.ಫಿಲ್. ಇರುವವರು ಐದು, ಎರಡೂ ಇಲ್ಲದವರು ಆರು ವರ್ಷ ಸೇವೆ ಮಾಡಿರಬೇಕು. ಮುಂದಿನದಕ್ಕೆ ಐದು, ಆಮೇಲಿನ ಎರಡಕ್ಕೂ ಮೂರು ಮೂರು. ಪಿಎಚ್.ಡಿ.ಯೊಂದಿಗೆ ಸೇರಿದವರು ಯಾವ ತಡೆಯೂ ಇಲ್ಲದಿದ್ದರೆ ಹದಿನೈದು ವರ್ಷಕ್ಕೆ ಪ್ರಾಧ್ಯಾಪಕರಾಗಬಹುದು. 13ಎಗೆ ಬರುವ ಹೊತ್ತಿಗೆ ಪಿಎಚ್.ಡಿ. ಬೇಕೇ ಬೇಕು.

ಬೋಧನೆಯನ್ನು ಅಳೆಯುವ ಕ್ರಮವನ್ನು ಈ ನಿಯಮಾವಳಿ ಬಹಳ ಸರಳಗೊಳಿಸಿತು. ವಹಿಸಿದ ತರಗತಿಗಳಲ್ಲಿ ಶೇ. 80 ಅಥವಾ ಹೆಚ್ಚು ತೆಗೆದುಕೊಂಡರೆ ‘ಉತ್ತಮ’, 70ರಿಂದ 80ರೊಳಗೆ ‘ತೃಪ್ತಿಕರ’, 70ಕ್ಕೂ ಕಡಿಮೆಯಾದರೆ ‘ಅತೃಪ್ತಿಕರ’. ಪಟ್ಟಿಯಲ್ಲಿರುವ ಪರೀಕ್ಷಾ ಕಾರ್ಯ, ಎನ್‌ಎಸ್‌ಎಸ್, ಆಡಳಿತ, ಸಂಶೋಧನಾ ಮಾರ್ಗದರ್ಶನ ಮುಂತಾದವುಗಳಲ್ಲಿ ಕನಿಷ್ಠ ಮೂರನ್ನು ಮಾಡಿದ್ದರೆ ಅಲ್ಲೂ ‘ಉತ್ತಮ’. ಗಮನಿಸಬೇಕಾದ್ದೆಂದರೆ ಇಲ್ಲಿ ಅಳೆಯುವುದು ಪಾಠ ಹೇಗಿತ್ತು ಎಂಬುದನ್ನಲ್ಲ, ಪಾಠ ಆಯಿತೇ ಎಂಬುದನ್ನು. ಖಾನಾಪುರದಂಥ ಕಡೆ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಅಥವಾ ಮರಾಠಿ, ಪದವಿಯಲ್ಲಿ ಇಂಗ್ಲಿಷ್ ಎದುರಿಸುವ ಮಕ್ಕಳಿಗೆ ಎರಡು ಮೂರು ಭಾಷೆಗಳಲ್ಲಿ ಹೇಳಿ ಅರ್ಥಮಾಡಿಸುವ ಶ್ರಮ ಹಾಜರಿ ಪುಸ್ತಕದಲ್ಲಿ ಒಂದು ಪೀರಿಯಡ್ ಎಂದಷ್ಟೇ ದಾಖಲಾಗುತ್ತದೆ.

ಸಂಶೋಧನೆಯ ವಿಷಯದಲ್ಲಿ ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಅಳತೆಗೋಲು ಬೇರೆ. ಭೂತರಾಮನಹಟ್ಟಿಯ ವಿಭಾಗದಲ್ಲಿರುವವರು ಸಹ ಪ್ರಾಧ್ಯಾಪಕರಾಗಲು ಏಳು ಪ್ರಕಟಣೆಗಳನ್ನು, ಅದರಲ್ಲಿ ಮೂರನ್ನು ಪರಿಶೀಲನಾ ಅವಧಿಯಲ್ಲೇ, ತೋರಿಸಬೇಕು, ಒಬ್ಬ ಪಿಎಚ್.ಡಿ. ವಿದ್ಯಾರ್ಥಿಗಾದರೂ ಮಾರ್ಗದರ್ಶನ ಮಾಡಿರಬೇಕು. ಕಾಲೇಜು ರಸ್ತೆಯವರಿಗೆ ಆ ಹಂತದಲ್ಲಿ ಇಷ್ಟು ಬಿಗಿಯಿಲ್ಲ. ಆದರೆ ಸಹ ಪ್ರಾಧ್ಯಾಪಕರಿಂದ ಪ್ರಾಧ್ಯಾಪಕ ಪದಕ್ಕೆ ಹೋಗುವಾಗ ಇಬ್ಬರಿಗೂ ಒಂದೇ ತಕ್ಕಡಿ: ಹತ್ತು ಪ್ರಕಟಣೆ, ಅದರಲ್ಲಿ ಮೂರು ಅವಧಿಯೊಳಗೆ, ಒಟ್ಟು ಸಂಶೋಧನಾ ಅಂಕ 110. ವಾರವಿಡೀ ಪಾಠ, ಮೇಲೆ ಪ್ರವೇಶ, ಪರೀಕ್ಷೆ, ನ್ಯಾಕ್ ಮಾನ್ಯತೆಯ ಕೆಲಸ ಇರುವ ಕಾಲೇಜಿನವರು ಇಲ್ಲಿ ಒಮ್ಮೆಲೇ ವಿಶ್ವವಿದ್ಯಾಲಯದವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಹಿರಿಯ ಪ್ರಾಧ್ಯಾಪಕ ಪದ (ಲೆವೆಲ್ 15) ವಿಶ್ವವಿದ್ಯಾಲಯಗಳಿಗೆ ಮಾತ್ರ. ಪ್ರಾಧ್ಯಾಪಕರಾಗಿ ಹತ್ತು ವರ್ಷ ಕಳೆದವರಿಗೆ, ಮಂಜೂರಾದ ಪ್ರಾಧ್ಯಾಪಕ ಹುದ್ದೆಗಳ ಶೇ. 10ರ ಮಿತಿಯಲ್ಲಿ.

ಕಡತದ ದಾರಿ

ಅರ್ಹತೆಯ ದಿನಾಂಕಕ್ಕೆ ಮೂರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕಾಲೇಜಿನ ಆಂತರಿಕ ಗುಣಮಟ್ಟ ಭರವಸೆ ಕೋಶ, ಎಲ್ಲರೂ ಕರೆಯುವಂತೆ ಐಕ್ಯೂಎಸಿ, ದಾಖಲೆಗಳನ್ನು ತಾಳೆ ನೋಡುತ್ತದೆ. 11 ಮತ್ತು 12ರ ಲೆವೆಲ್‌ಗಳಿಗೆ ಸ್ಕ್ರೀನಿಂಗ್ ಸಮಿತಿ. ಕಾಲೇಜಾದರೆ ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಕುಲಪತಿ ನಾಮಕರಣ ಮಾಡಿದ ಇಬ್ಬರು ವಿಷಯ ತಜ್ಞರು. 13ಎ ಮತ್ತು 14ಕ್ಕೆ ಹೊರಗಿನ ತಜ್ಞರಿರುವ ಆಯ್ಕೆ ಸಮಿತಿ. ಅಭ್ಯರ್ಥಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಮಹಿಳೆ ಅಥವಾ ಅಂಗವಿಕಲರಾಗಿದ್ದು ಸಮಿತಿಯಲ್ಲಿ ಆ ವರ್ಗದ ಯಾರೂ ಇಲ್ಲದಿದ್ದರೆ ಒಬ್ಬ ಪ್ರತಿನಿಧಿಯನ್ನು ಸೇರಿಸಿಕೊಳ್ಳಬೇಕು. ಒಂದು ವಿಷಯಕ್ಕೆ ಒಬ್ಬರೇ ಕಾಯಂ ಅಧ್ಯಾಪಕರಿರುವ ಸಣ್ಣ ಕಾಲೇಜಿನಲ್ಲಿ ‘ವಿಭಾಗದ ಮುಖ್ಯಸ್ಥರು’ ಎಂದರೆ ಅಭ್ಯರ್ಥಿಯೇ. ತಾಲ್ಲೂಕು ಕೇಂದ್ರಗಳ ಕಡತಗಳಲ್ಲಿ ಈ ಗೊಂದಲ ಹೊಸದಲ್ಲ.

ಸಮಿತಿ ಒಪ್ಪಿದ ಮೇಲೂ ದಾರಿ ಮುಗಿಯುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಸಿಂಡಿಕೇಟ್ ಒಪ್ಪಬೇಕು. ಅನುದಾನಿತ ಕಾಲೇಜಾದರೆ ಆಡಳಿತ ಮಂಡಳಿ, ಅಲ್ಲಿಂದ ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿ, ಅಲ್ಲಿಂದ ಬೆಂಗಳೂರಿನ ಆಯುಕ್ತಾಲಯ. ಸೇವಾ ಪುಸ್ತಕದಲ್ಲಿ ಒಂದು ರಜೆಯ ನಮೂದು ತಪ್ಪಿದ್ದರೆ, ಹಿಂದಿನ ಪ್ಲೇಸ್‌ಮೆಂಟಿನ ದಿನಾಂಕ ಒಂದು ದಿನ ಹೆಚ್ಚುಕಡಿಮೆಯಾಗಿದ್ದರೆ ಕಡತ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಒಂದು ಸಮಾಧಾನವೆಂದರೆ ಸಮಿತಿ ತಡವಾಗಿ ಸೇರಿದರೂ ಷರತ್ತು ಪೂರೈಸಿದ ದಿನದಿಂದಲೇ ಬಡ್ತಿ ಲೆಕ್ಕಕ್ಕೆ ಬರುತ್ತದೆ, ಬಾಕಿ ಸಿಗುತ್ತದೆ. ತಿರಸ್ಕೃತರಾದವರು ಒಂದು ವರ್ಷದ ನಂತರ ಮತ್ತೆ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಕಾಲೇಜು ಅಧ್ಯಾಪಕರ ನಿವೃತ್ತಿ ವಯಸ್ಸು 60, ವಿಶ್ವವಿದ್ಯಾಲಯದವರದ್ದು 62. ತಡವಾಗಿ ಸೇವೆಗೆ ಬಂದವರಿಗೆ ಒಂದು ವರ್ಷ ಕೈತಪ್ಪಿದರೆ ಕೊನೆಯ ಮೆಟ್ಟಿಲೇ ಕೈತಪ್ಪುವುದುಂಟು.

ಪ್ರಕಟಣೆಯ ಬೆಲೆ, ಗಡಿನಾಡಿನ ಕೆಲಸ

2018ರ ನಿಯಮಾವಳಿಯ ಸಂಶೋಧನಾ ಅಂಕಪಟ್ಟಿಯಲ್ಲಿ ವಿಜ್ಞಾನದ ಲೇಖನಕ್ಕೆ 8, ಭಾಷೆ ಮತ್ತು ಮಾನವಿಕ ವಿಷಯಗಳ ಲೇಖನಕ್ಕೆ 10. ಅಂತಾರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 12, ರಾಷ್ಟ್ರೀಯ ಪ್ರಕಾಶಕರದ್ದಕ್ಕೆ 10, ಸಂಪಾದಿತ ಕೃತಿಯೊಳಗಿನ ಅಧ್ಯಾಯಕ್ಕೆ 5. ಪತ್ರಿಕೆಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದಿದ್ದರೆ 5 ಅಂಕ ಸೇರುತ್ತದೆ, ಅದು 10ನ್ನು ಮೀರಿದ್ದರೆ 30. ಇಬ್ಬರು ಬರೆದಿದ್ದರೆ ಒಬ್ಬೊಬ್ಬರಿಗೂ ಶೇ. 70; ಇಬ್ಬರಿಗಿಂತ ಹೆಚ್ಚಾದರೆ ಮುಖ್ಯ ಲೇಖಕರಿಗೆ 70, ಉಳಿದವರಿಗೆ 30. ಒಟ್ಟು ಅಂಕ ಆರು ಬಾಬುಗಳಲ್ಲಿ ಮೂರರಿಂದಲಾದರೂ ಬಂದಿರಬೇಕು.

ಕನ್ನಡ, ಮರಾಠಿ ವಿಭಾಗಗಳವರು ಈ ಪಟ್ಟಿಯಲ್ಲಿ ಮೊದಲು ಹುಡುಕುವ ಸಾಲು ಅನುವಾದದ್ದು. ಒಂದು ಅಧ್ಯಾಯ ಅಥವಾ ಲೇಖನದ ಅನುವಾದಕ್ಕೆ 3, ಇಡೀ ಪುಸ್ತಕಕ್ಕೆ 8. ನಾಲ್ಕು ಕ್ರೆಡಿಟ್ಟಿನ ಒಂದು ಆನ್‌ಲೈನ್ ಕೋರ್ಸನ್ನು ಪೂರ್ತಿ ಸಿದ್ಧಪಡಿಸಿದರೆ 20. ಅಂದರೆ ನಾಲ್ಕುನೂರು ಪುಟದ ಮರಾಠಿ ಕಾದಂಬರಿಯನ್ನು ಕನ್ನಡಕ್ಕೆ ತಂದವರು ಇಂಥ ಕೋರ್ಸು ಮಾಡಿದವರ ಅರ್ಧಕ್ಕೂ ಬರುವುದಿಲ್ಲ. ಗ್ರಂಥ ಸಂಪಾದನೆಯ ಗತಿಯೂ ಇದೇ. ಓಲೆಗರಿಗಳನ್ನು ಕಲೆಹಾಕಿ, ಪಾಠಾಂತರ ಹೋಲಿಸಿ, ಶಬ್ದಾರ್ಥ ಬರೆದು ಸಿದ್ಧಪಡಿಸಿದ ಕೃತಿ ‘ಸಂಪಾದಿತ ಪುಸ್ತಕ’ದ ಬಾಬಿಗೆ ಬಿದ್ದು ರಾಷ್ಟ್ರೀಯ ಪ್ರಕಾಶಕರದ್ದಾದರೆ 8 ಅಂಕ ಪಡೆಯುತ್ತದೆ, ಬೇರೆಯವರ ಲೇಖನಗಳನ್ನು ಒಂದು ರಟ್ಟಿನೊಳಗೆ ಹೊಲಿದ ಸಂಕಲನಕ್ಕೂ 8. ವಚನ ಸಾಹಿತ್ಯದ ಸಂಪಾದನೆಯೇ ಪಾಂಡಿತ್ಯದ ಪರಮಾವಧಿ ಎಂದು ನಂಬಿದ್ದ ಉತ್ತರ ಕರ್ನಾಟಕದ ವಿದ್ವತ್ ಪರಂಪರೆಗೆ ಈ ಅಂಕಪಟ್ಟಿಯಲ್ಲಿ ಪ್ರತ್ಯೇಕ ಸಾಲೇ ಇಲ್ಲ.

ಯಾವ ಪತ್ರಿಕೆ ಲೆಕ್ಕಕ್ಕೆ, ಯಾವುದು ಅಲ್ಲ ಎಂಬುದು ಇನ್ನೊಂದು ಕಥೆ. ಯುಜಿಸಿ 2017ರ ಜನವರಿಯಲ್ಲಿ ಅನುಮೋದಿತ ಪತ್ರಿಕೆಗಳ ದೊಡ್ಡ ಪಟ್ಟಿ ಪ್ರಕಟಿಸಿತು. ಮರುವರ್ಷ ಭೂಷಣ ಪಟವರ್ಧನ್ ಮತ್ತು ಸಂಗಡಿಗರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದ ಅಧ್ಯಯನದ ಪ್ರಕಾರ, ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಸೇರಿದ್ದ ಪತ್ರಿಕೆಗಳಲ್ಲಿ ಪರಿಶೀಲಿಸಿದವುಗಳ ಪೈಕಿ ಶೇ. 88ಕ್ಕೂ ಹೆಚ್ಚು ಕಳಪೆ ಗುಣಮಟ್ಟದವಾಗಿರಬಹುದು. 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದರು. 2019ರ ಜೂನಿನಲ್ಲಿ ಅದರ ಜಾಗಕ್ಕೆ ‘ಕೇರ್’ ಎಂಬ ಹೊಸ ಪಟ್ಟಿ ಬಂತು. ಅದರಲ್ಲಿ ಭಾರತೀಯ ಭಾಷೆಗಳ ಪತ್ರಿಕೆಗಳಿಗೂ ಜಾಗವಿತ್ತು. 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆಯ ಗುಣಮಟ್ಟ ನೋಡುವ ಹೊಣೆಯನ್ನು ಸಂಸ್ಥೆಗಳಿಗೇ ಒಪ್ಪಿಸಿದರು. ಒಬ್ಬರೇ ಅಧ್ಯಾಪಕರ ಪರಿಶೀಲನಾ ಅವಧಿಯಲ್ಲಿ ಈ ಎಲ್ಲ ವ್ಯವಸ್ಥೆಗಳು ಬಂದು ಹೋಗಿರಬಹುದು. ಲೇಖನ ಪ್ರಕಟವಾದ ತಿಂಗಳಲ್ಲಿ ಪತ್ರಿಕೆ ಪಟ್ಟಿಯಲ್ಲಿತ್ತೇ ಎಂಬುದಕ್ಕೆ ಅಂದಿನ ಪುಟದ ಪ್ರತಿಯನ್ನು ಮುದ್ರಿಸಿ ಇಟ್ಟುಕೊಂಡವರೇ ಜಾಣರು.

ಇಂಥ ಅಂಕ ವ್ಯಾಮೋಹ ಭಾರತದ್ದಷ್ಟೇ ಅಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಸಂಶೋಧನಾ ಮೌಲ್ಯಮಾಪನ ಘೋಷಣೆ ಬಡ್ತಿಗೆ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಬಳಸಬಾರದೆಂದಿತು. 2015ರ ಲೈಡನ್ ಪ್ರಣಾಳಿಕೆ ಸ್ಥಳೀಯವಾಗಿ ಪ್ರಸ್ತುತವಾದ, ಇಂಗ್ಲಿಷೇತರ ಭಾಷೆಗಳ ಸಂಶೋಧನೆಯನ್ನು ಕಾಪಾಡಬೇಕೆಂದು ತನ್ನ ಹತ್ತು ತತ್ವಗಳಲ್ಲಿ ಒಂದಾಗಿ ಸೇರಿಸಿತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ 1940ರ ಪ್ರಾಧ್ಯಾಪಕ ಸಂಘದ ಹೇಳಿಕೆಯಂತೆ ಗರಿಷ್ಠ ಏಳು ವರ್ಷದ ಪರೀಕ್ಷಾವಧಿ, ಆಮೇಲೆ ಕಾಯಂ ಅಥವಾ ಮನೆ. ಅಲ್ಲಿ ಹೊರಗಿನ ವಿದ್ವಾಂಸರು ಅಭ್ಯರ್ಥಿಯ ಬರಹ ಓದಿ ಪತ್ರ ಬರೆಯುತ್ತಾರೆ. ನಮ್ಮಲ್ಲಿ ನೌಕರಿ ಮೊದಲೇ ಕಾಯಂ. ತಜ್ಞರು ಸಭೆಯ ದಿನ ಕಡತ ನೋಡುತ್ತಾರೆ. ಅಲ್ಲಿನ ಕ್ರೌರ್ಯ ಇಲ್ಲಿಲ್ಲ, ಅಲ್ಲಿನ ಓದೂ ಇಲ್ಲಿಲ್ಲ.

ಮಚ್ಛೆ ಮತ್ತು ನೆಹರೂ ನಗರ

ತಾಂತ್ರಿಕ ಕಾಲೇಜುಗಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) 2019ರ ನಿಯಮಾವಳಿ ಇದೆ. ಅದು ಅಧ್ಯಾಪಕರನ್ನು ನೂರು ಅಂಕಕ್ಕೆ ಅಳೆಯುತ್ತದೆ: ಬೋಧನಾ ಪ್ರಕ್ರಿಯೆಗೆ 25, ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ 25, ವಿಭಾಗದ ಕೆಲಸಕ್ಕೆ 20, ಸಂಸ್ಥೆಯ ಕೆಲಸ, ಗೋಪ್ಯ ವರದಿ, ಸಮಾಜಕ್ಕೆ ಕೊಡುಗೆ ಇವಕ್ಕೆ ತಲಾ 10. ವಿದ್ಯಾರ್ಥಿಯ ಮಾತಿಗೆ ಕಾಲು ಪಾಲು ತೂಕ ಕೊಟ್ಟದ್ದು ಗಮನಾರ್ಹ. ಆದರೆ 1998ರಲ್ಲಿ ಶುರುವಾಗಿ ಮಚ್ಛೆಯಿಂದ ನಡೆಯುತ್ತಿರುವ ವಿಟಿಯುವಿನ ಸಂಯೋಜಿತ ಕಾಲೇಜುಗಳಲ್ಲಿ ಬಹುಪಾಲು ಖಾಸಗಿ, ಅನುದಾನರಹಿತ. ಅಲ್ಲಿ ನಿಯಮ ಏನೇ ಇದ್ದರೂ ಪದನಾಮ ಮತ್ತು ಸಂಬಳದ ಕೊನೆಯ ಮಾತು ಆಡಳಿತ ಮಂಡಳಿಯದು.

ನೆಹರೂ ನಗರದಲ್ಲಿರುವ, 1963ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನಂಥ ಕಡೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಅರ್ಹತಾ ನಿಯಮಗಳು ನಡೆಯುತ್ತವೆ. 2022ರ ನಿಯಮದಂತೆ ಸಹ ಪ್ರಾಧ್ಯಾಪಕರಾಗಲು ನಾಲ್ಕು ವರ್ಷ ಮತ್ತು ಎರಡು ಪ್ರಕಟಣೆ, ಪ್ರಾಧ್ಯಾಪಕರಾಗಲು ಮತ್ತೆ ಮೂರು ವರ್ಷ ಮತ್ತು ಇನ್ನೆರಡು ಪ್ರಕಟಣೆ ಬೇಕಿತ್ತು. ಕಲಾ ಕಾಲೇಜಿನವರು ಹದಿನೈದು ವರ್ಷಕ್ಕೆ ತಲುಪುವ ಪದವನ್ನು ವೈದ್ಯಕೀಯ ಅಧ್ಯಾಪಕರು ಏಳೇ ವರ್ಷಕ್ಕೆ ತಲುಪಬಹುದಿತ್ತು.

ತಕರಾರು ಮತ್ತು ಹೊಸ ಕರಡು

ಯುಜಿಸಿ ನಿಯಮ ರಾಜ್ಯದ ವಿಶ್ವವಿದ್ಯಾಲಯವನ್ನು ತಾನಾಗಿಯೇ ಕಟ್ಟಿಹಾಕುತ್ತದೆಯೇ? ಕಲ್ಯಾಣಿ ಮಥಿವಾಣನ್ ಪ್ರಕರಣದಲ್ಲಿ (2015) ಸುಪ್ರೀಂ ಕೋರ್ಟ್, ರಾಜ್ಯ ಅಂಗೀಕರಿಸಿದರೆ ಮಾತ್ರ ಎಂಬ ನಿಲುವು ತಾಳಿತು. ಈಚಿನ ತೀರ್ಪುಗಳು ಯುಜಿಸಿ ನಿಯಮದ ಕಡೆಗೆ ಹೆಚ್ಚು ವಾಲಿವೆ. ಬೆಳಗಾವಿಯ ಅಧ್ಯಾಪಕರ ಪಾಲಿಗೆ ಈ ಪ್ರಶ್ನೆ ಬಂದು ನಿಲ್ಲುವುದು ಹೈಕೋರ್ಟಿನ ಧಾರವಾಡ ಪೀಠದಲ್ಲಿ. 2008ರಲ್ಲಿ ಆ ಪೀಠ ತೆರೆಯುವ ಮುಂಚೆ ಅರ್ಹತೆಯ ದಿನಾಂಕದ ಜಗಳಕ್ಕೂ ಬೆಂಗಳೂರಿಗೆ ಹೋಗಬೇಕಿತ್ತು.

2025ರ ಜನವರಿ 6ರಂದು ಯುಜಿಸಿ ಹೊರಡಿಸಿದ ಕರಡು ನಿಯಮಾವಳಿ ಅಂಕಪಟ್ಟಿಯನ್ನೇ ತೆಗೆದುಹಾಕಿ, ಒಂಬತ್ತು ಬಗೆಯ ‘ಗಮನಾರ್ಹ ಕೊಡುಗೆ’ಗಳಲ್ಲಿ ಕನಿಷ್ಠ ನಾಲ್ಕನ್ನು ತೋರಿಸಬೇಕು ಎಂದಿತು. ಭಾರತೀಯ ಭಾಷೆಗಳಲ್ಲಿ ಬೋಧನೆ, ಸಮುದಾಯ ಸೇವೆ, ಡಿಜಿಟಲ್ ಪಾಠ, ನವೋದ್ಯಮ ಎಲ್ಲವೂ ಅದರಲ್ಲಿವೆ. ಎರಡು ಭಾಷೆಯಲ್ಲಿ ಪಾಠ ಮಾಡುವ ಖಾನಾಪುರದ ಅಧ್ಯಾಪಕರ ಶ್ರಮಕ್ಕೆ ಮೊದಲ ಬಾರಿ ಹೆಸರು ಸಿಕ್ಕಿತೆನ್ನಬಹುದು. ಅದನ್ನು ಯಾವ ಪ್ರಮಾಣಪತ್ರದಿಂದ ಸಾಬೀತು ಮಾಡಬೇಕೆಂಬುದು ಮತ್ತೆ ಸಮಿತಿಯ ಮೇಜಿಗೇ ಬರುತ್ತದೆ. ಕುಲಪತಿ ನೇಮಕದಲ್ಲಿ ರಾಜ್ಯಗಳ ಪಾತ್ರ ಕುಗ್ಗಿಸುತ್ತದೆ ಎಂಬ ಕಾರಣಕ್ಕೆ ಕರಡಿಗೆ ಬಲವಾದ ವಿರೋಧ ಬಂತು. ಫೆಬ್ರುವರಿ 5ರಂದು ಕರ್ನಾಟಕವೇ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರನ್ನು ಸೇರಿಸಿತು. ಆ ಗದ್ದಲದಲ್ಲಿ ಪದೋನ್ನತಿಯ ಅಧ್ಯಾಯ ಚರ್ಚೆಗೆ ಬಂದದ್ದು ಕಡಿಮೆ.

ಯೋಜನೆಯ ಹೊರಗೆ

ಇಷ್ಟೆಲ್ಲ ನಿಯಮಗಳು ಅನ್ವಯಿಸುವುದು ಮಂಜೂರಾದ ಹುದ್ದೆಯಲ್ಲಿರುವ ಕಾಯಂ ಅಧ್ಯಾಪಕರಿಗೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗವನ್ನು ಹೊತ್ತಿರುವ ಅತಿಥಿ ಉಪನ್ಯಾಸಕರಿಗೆ ಲೆವೆಲ್ಲೂ ಇಲ್ಲ, ಸಮಿತಿಯೂ ಇಲ್ಲ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರ ಮಾಸಿಕ ಗೌರವಧನವನ್ನು ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26,000ದಿಂದ 32,000 ರೂಪಾಯಿಗೆ ಏರಿಸಿತು, ಆಮೇಲೆ ಇನ್ನಷ್ಟು ಹೆಚ್ಚಿಸಿತು. ಐದು ವರ್ಷದ ಮೇಲಿನ ಅನುಭವಕ್ಕೆ ಸಿಗುತ್ತಿದ್ದ 2,000 ರೂಪಾಯಿಯ ವ್ಯತ್ಯಾಸವೇ ಅವರ ಪಾಲಿನ ಪದೋನ್ನತಿ. 2022ರ ಮಾರ್ಚಿನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಪರೀಕ್ಷೆ ನಡೆಸಿತು. ಹಾಗೆ ಆಯ್ಕೆಯಾಗಿ ಸೇರಿದವರು ಲೆವೆಲ್ 10ರಿಂದ ಮೇಲಿನ ಏಣಿಯನ್ನು ಈಗಷ್ಟೇ ಹತ್ತತೊಡಗಿದ್ದಾರೆ.

ಪದೋನ್ನತಿ ವ್ಯಕ್ತಿಗೆ ಸೇರಿದ್ದು, ಹುದ್ದೆಗಲ್ಲ ಎಂಬ 1986ರ ತತ್ವ ನಿವೃತ್ತಿಯ ದಿನ ಮತ್ತೆ ಕಾಣಿಸಿಕೊಳ್ಳುತ್ತದೆ. ಪ್ರಾಧ್ಯಾಪಕರಾಗಿ ನಿವೃತ್ತರಾದವರ ಜಾಗ ನಿಯಮದಂತೆ ಮೂಲ ದರ್ಜೆಗೆ, ಅಂದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ, ಮರಳುತ್ತದೆ. ಅನುದಾನಿತ ಕಾಲೇಜಾದರೆ ಅದನ್ನು ತುಂಬಲು ಸರ್ಕಾರದ ಅನುಮತಿ ಬೇಕು. ಅನುಮತಿ ಬರುವವರೆಗೆ ಆ ಕಾರ್ಯಭಾರವನ್ನು ಆಡಳಿತ ಮಂಡಳಿ ಸಂಬಳ ಕೊಡುವ ತಾತ್ಕಾಲಿಕ ಉಪನ್ಯಾಸಕರು ನೋಡಿಕೊಳ್ಳುತ್ತಾರೆ.